ಈರಣ್ಣನ ಫೋಟೋಕ್ಕೆ ಹಾರ

ಗಟ್ಟಿಮುಟ್ಟಾಗಿ ಬದುಕಿರುವ ಮನುಷ್ಯನ ಫೋಟೋಕ್ಕೆ ಹಾರ ಹಾಕಿ, ಅದರ ಮುಂದೆ ದೀಪ ಹಚ್ಚಿಟ್ಟು, ಆಮೇಲೆ ಅವನ ಹೆಂಡತಿಯನ್ನೇ ಸನ್ಮಾನಕ್ಕೆ ಕರೆದ ಬುದ್ಧಿವಂತೆಯನ್ನು ನೀವು ಎಲ್ಲಾದರೂ ನೋಡಿದ್ದೀರಾ?

ನೋಡಿದ್ದೀರಿ. ಪ್ರತಿವಾರ ಈ ಅಂಕಣದ ನೆತ್ತಿಯ ಮೇಲೆ ಅವಳ ಫೋಟೋ ಇರುತ್ತದೆ. (ಅದಕ್ಕೆ ಇನ್ನೂ ಯಾರೂ ಹಾರ ಹಾಕಿಲ್ಲ. ಈ ವಾರದ್ದನ್ನು ಓದಿದ ಮೇಲೆ ಹಾಕಬೇಕೆನಿಸಿದರೆ ನಾನೇನೂ ತಪ್ಪು ತಿಳಿಯುವುದಿಲ್ಲ.)

ಗೋವಾದ ವಾಸ್ಕೋದಲ್ಲಿರುವ ನಮ್ಮ ಕನ್ನಡ ಸಂಘದಲ್ಲಿ ಜನವರಿ ಅಂದರೆ ಹೆಣ್ಣುಮಕ್ಕಳ ದರ್ಬಾರು. ಸಂಕ್ರಾಂತಿಯಿಂದ ರಥಸಪ್ತಮಿಯೊಳಗೆ ಒಂದು ಅರಿಶಿನ-ಕುಂಕುಮ ಆಗಲೇಬೇಕು. ಈ ಸಲ ಅದನ್ನು ಇಪ್ಪತ್ತಾರನೇ ತಾರೀಖಿನ ಸಂಜೆಗೆ ಇಟ್ಟುಕೊಂಡೆವು. ಹೇಗೂ ಎಲ್ಲರಿಗೂ ಸೂಟಿ. ಹೇಗೂ ಗಣರಾಜ್ಯೋತ್ಸವ. ಹಾಗಿದ್ದ ಮೇಲೆ ನಮ್ಮ ನಡುವಿನ ಸೈನಿಕರ ಮನೆಯವರಿಗೆ ಅದೇ ಸಂಜೆ ಒಂದು ಸನ್ಮಾನವನ್ನೂ ಮಾಡಿಬಿಟ್ಟರೆ? ಐಡಿಯಾ ಯಾರದು? ನನ್ನದೇ. ಸಂಘದ ತಲೆಹರಟೆ ಐಡಿಯಾಗಳೆಲ್ಲ ನನ್ನವೇ ಎಂದು ನಮ್ಮ ಮನೆಯವರು ಮೊದಲಿನಿಂದಲೂ ಹೇಳುತ್ತ ಬಂದಿದ್ದಾರೆ.

ಮೂರು ಮನೆಗಳು ಸಿಕ್ಕವು. ಒಬ್ಬರು ರಿಟೈರ್ ಆದವರು, ಇನ್ನೊಬ್ಬರು ರಜೆಯ ಮೇಲೆ ಬಂದವರು. ಅವರಿಬ್ಬರೂ ತಂತಮ್ಮ ಹೆಂಡತಿಯರ ಪಕ್ಕದಲ್ಲಿ ಸ್ಟೇಜಿನ ಮೇಲೆ ಕೂರುವವರಿದ್ದರು. ಮೂರನೆಯ ಮನೆ ರೇಣುಕಾಳದು. ಅವಳ ಗಂಡ ಈರಣ್ಣ ಬರುವ ಹಾಗಿರಲಿಲ್ಲ. ಅವನು ಗಡಿಯಲ್ಲಿದ್ದ.

ರೇಣುಕಾ ಬೈಲಹೊಂಗಲ ಕಡೆಯವಳು. ಈರಣ್ಣನಿಗೆ ಮೂರು ವರ್ಷ ಗೋವಾದಲ್ಲೇ ಪೋಸ್ಟಿಂಗ್ ಇತ್ತು. ಹೋದ ವರ್ಷ ಹಿಮ ಬೀಳುವ ಗಡಿಗೆ ಆರ್ಡರ್ ಬಂತು. ಮಗಳು ಸೌಮ್ಯಾ ಎರಡನೇ ಕ್ಲಾಸು. ನಡುವರ್ಷದಲ್ಲಿ ಸಾಲೆ ಬಿಡಿಸುವುದು ಬೇಡವೆಂದು ತಾಯಿ-ಮಗಳು ವಾಸ್ಕೋದಲ್ಲೇ ಒಂದು ಬಾಡಿಗೆ ಖೋಲಿ ಹಿಡಿದು ಉಳಿದರು. ರೇಣುಕಾಳ ಅಣ್ಣ ಡಿಚೋಲಿಯಲ್ಲಿ ಅದಿರಿನ ಟ್ರಕ್ ಓಡಿಸುತ್ತಾನೆ, ತಿಂಗಳಿಗೊಮ್ಮೆ ಬಂದು ಮುಖ ತೋರಿಸಿ ಹೋಗುತ್ತಾನೆ. ಉಳಿದದ್ದಕ್ಕೆಲ್ಲ ಅವಳೊಬ್ಬಳೇ. ಗ್ಯಾಸಿನವರು "ಕನೆಕ್ಷನ್ ಗಂಡನ ಹೆಸರಲ್ಲಿದೆ, ಅವರನ್ನೇ ಕಳಿಸಿ" ಎನ್ನುತ್ತಾರೆ. (ಕಳಿಸೋಣಂತೆ. ಅಷ್ಟು ಹೊತ್ತು ಗಡಿಯನ್ನು ಅವರು ಹೋಗಿ ಕಾಯುತ್ತಾರಾ?)

ಸೌಮ್ಯಾ ನಮ್ಮ ಸಂಘದ ಶನಿವಾರದ ಕನ್ನಡ ಕ್ಲಾಸಿಗೆ ಬರುತ್ತಾಳೆ. ಪರಿಚಯ ಹಾಗೆ ಆದದ್ದು. ಹೊರಡುವ ಹಿಂದಿನ ದಿನ ಈರಣ್ಣ ನಮ್ಮ ಮನೆಗೆ ಬಂದು, ನಮ್ಮ ಮನೆಯ ಫೋನ್ ನಂಬರನ್ನು ಪುಟ್ಟ ಡೈರಿಯಲ್ಲಿ ಬರೆದುಕೊಂಡ.

"ಅಕ್ಕಾರ, ಅಲ್ಲಿ ಮೊಬೈಲ್ ಹತ್ತಂಗಿಲ್ರಿ. ಪೋಸ್ಟಿನ ಫೋನ್‌ನ್ಯಾಗ ಪಾಳಿ ಪ್ರಕಾರ ಮಾತಾಡೂದು. ಅಕಿ ನಂಬರ್ ಸಿಗಲಿಲ್ಲಂದ್ರ ನಿಮಗ ಹಚ್ತೇನ್ರಿ. ಏನರ ಸುದ್ದಿ ಇದ್ರೂ ನಿಮ್ಮನಿಗೇ ಬರ್ತೈತಿ" ಎಂದ.

"ನೀವು ನಿಶ್ಚಿಂತಿಯಿಂದ ಹೋಗ್ರಿ. ನಾ ಇದ್ದೀನಲ್ಲ" ಎಂದು ನಾನು ಭಾರೀ ಗತ್ತಿನಿಂದ ಹೇಳಿದ್ದೆ.

ಈಗ ಹಾರದ ಕಥೆಗೆ ಬರುತ್ತೇನೆ. ಸ್ಟೇಜಿನ ಮೇಲೆ ರೇಣುಕಾಳ ಪಕ್ಕದ ಕುರ್ಚಿ ಖಾಲಿ ಉಳಿಯುತ್ತಿತ್ತು. ಅಲ್ಲಿ ಈರಣ್ಣನ ಫೋಟೋ ಇಟ್ಟರೆ ಹೇಗೆ ಎಂದು ನನಗೆ ಹೊಳೆಯಿತು. "ಪ್ರೋಗ್ರಾಮಿಗೆ ಬೇಕು" ಎಂದಷ್ಟೇ ಹೇಳಿ ರೇಣುಕಾಳಿಂದ ಅವನ ಪಾಸ್‌ಪೋರ್ಟ್ ಸೈಜಿನ ಫೋಟೋ ಇಸಿದುಕೊಂಡೆ. ಯೂನಿಫಾರ್ಮಿನಲ್ಲಿದ್ದ, ಮೀಸೆಯಲ್ಲೇ ನಗುವ ಫೋಟೋ. ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಕಾರ್ಯಕ್ರಮ ಮುಗಿದ ಮೇಲೆ ಅವಳಿಗೇ ಕೊಟ್ಟುಬಿಡುವುದು ನನ್ನ ಸರ್‌ಪ್ರೈಸ್. (ಸ್ಟುಡಿಯೋದವನು "ಕೆಳಗೆ ತಾರೀಖು ಹಾಕಬೇಕಾ?" ಎಂದು ಮೆತ್ತಗೆ ಕೇಳಿದ್ದ. ಕಾರ್ಯಕ್ರಮದ ತಾರೀಖು ಎಂದುಕೊಂಡು ಬೇಡವೆಂದೆ. ಅಲ್ಲಾದರೂ ನನ್ನ ತಲೆಗೆ ಹೋಗಬಾರದಿತ್ತೇ?)

ಅಂದು ಸಂಜೆ ಹಾಲ್‌ನಲ್ಲಿ ಕುರ್ಚಿಯ ಮೇಲೆ ಫೋಟೋ ಸರಿಯಾಗಿ ನಿಲ್ಲಲಿಲ್ಲ. ಒಂದು ಟೇಬಲ್ ತಂದೆವು. ಟೇಬಲ್ ಬೋಳುಬೋಳಾಗಿ ಕಂಡಿತು, ಮೇಲೆ ಒಂದು ಇಳಕಲ್ ಸೀರೆ ಹಾಸಿದೆವು. ಉದ್ಘಾಟನೆಯ ದೀಪ ಇಡಲು ಬೇರೆ ಜಾಗವಿರಲಿಲ್ಲ, ಅದನ್ನೂ ಅಲ್ಲೇ ಇಟ್ಟು ಹಚ್ಚಿದೆವು. ಯಾರೋ ಎರಡು ಊದುಬತ್ತಿ ಸಿಕ್ಕಿಸಿದರು. ಅಷ್ಟರಲ್ಲಿ ಮುಖ್ಯ ಅತಿಥಿಗಳು ಬರುವುದಿಲ್ಲ ಎಂದು ಸುದ್ದಿ ಬಂತು. ಅವರಿಗೆಂದು ತಂದ ಸುಗಂಧರಾಜದ ಹಾರ ಬುಟ್ಟಿಯಲ್ಲಿ ಒಣಗುತ್ತಿತ್ತು. ಅಷ್ಟು ಚಲೋ ಹಾರ, ಸುಮ್ಮನೆ ಹಾಳಾಗುತ್ತದಲ್ಲ?

ನಾನೇ ಎತ್ತಿ ಹಾಕಿದೆ. ಯಾರ ಮೇಲೂ ಹೇಳುವ ಹಾಗಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾರೆ ಮಾಡಿ ನೋಡಿ, "ಛಂದ ಕಾಣ್ತದ" ಎಂದು ಸರ್ಟಿಫಿಕೇಟನ್ನೂ ನಾನೇ ಕೊಟ್ಟೆ.

ಹಾಲ್‌ನಲ್ಲಿ ಅರವತ್ತು ಎಪ್ಪತ್ತು ಜನ ಇದ್ದರು. ಒಬ್ಬರಿಗೂ ಏನೂ ಅನಿಸಲಿಲ್ಲವೇ? ಇಲ್ಲ. ನಾವು ಯಾವ ಕಾರ್ಯಕ್ರಮ ಮಾಡಿದರೂ ಟೇಬಲ್, ಸೀರೆ, ಫೋಟೋ, ದೀಪ, ಹಾರ ಇದ್ದೇ ಇರುತ್ತವೆ. ಕೈಗೆ ರೂಢಿಯಾಗಿಬಿಟ್ಟಿದೆ. ಆ ಫೋಟೋದಲ್ಲಿ ಇರುತ್ತಿದ್ದವರೆಲ್ಲ ಇಲ್ಲಿಯವರೆಗೆ ತೀರಿಕೊಂಡವರೇ ಎಂಬುದನ್ನು ಯೋಚಿಸಲು ನಮಗೆ ಪುರುಸೊತ್ತಾದರೂ ಎಲ್ಲಿತ್ತು?

ನಾನು ಮೈಕ್ ಹಿಡಿದು ಸೈನಿಕರ ತ್ಯಾಗದ ಬಗ್ಗೆ ಮಾತಾಡುತ್ತಿದ್ದೆ. (ಬರೆದು, ತಿದ್ದಿ, ಬಾಯಿಪಾಠ ಮಾಡಿದ ಇಪ್ಪತ್ತು ನಿಮಿಷದ ಭಾಷಣ.) ಆಗ ರೇಣುಕಾ ಬಂದಳು. ಅರಿಶಿನ-ಕುಂಕುಮಕ್ಕೆಂದು ಹಸಿರು ಸೀರೆ ಉಟ್ಟಿದ್ದಳು, ಕೈತುಂಬ ಹೊಸ ಬಳೆ. ಸೌಮ್ಯಾಳ ಕೈ ಹಿಡಿದು ಬಾಗಿಲಲ್ಲಿ ನಿಂತು ಸ್ಟೇಜಿನ ಕಡೆ ನೋಡಿದಳು. ನಾನು ಮೈಕಿನಲ್ಲೇ "ಬರ್ರಿ ಬರ್ರಿ ರೇಣುಕಾ, ನಿಮ್ಮನ್ನೇ ಕಾಯಾಕತ್ತಿದ್ವಿ" ಎಂದೆ.

ಅವಳು ಬಂದಳು. ಚಪ್ಪಲಿ ಬಿಡಲಿಲ್ಲ, ಯಾರನ್ನೂ ಮಾತಾಡಿಸಲಿಲ್ಲ. ಸೀದಾ ಸ್ಟೇಜ್ ಹತ್ತಿ ಫೋಟೋದ ಮುಂದೆ ನಿಂತಳು. ಅಲ್ಲಿಂದ ನನ್ನ ಹತ್ತಿರ ಬಂದು ಕೇಳಿದಳು.

"ಅಕ್ಕಾರ, ಯಾವಾಗ ಫೋನ್ ಬಂತ್ರಿ?"

ನನಗೆ ತಿಳಿಯಲಿಲ್ಲ. "ಯಾವ ಫೋನು?" ಎಂದೆ.

"ನಿಮ್ಮನಿಗೆ ಬಂದಿರ್ತೈತಿ. ಮೂರು ರವಿವಾರ ಆತು, ನನಗ ಬಂದಿಲ್ಲ. ನನಗ ಮನ್ಯಾಗ ಬಂದು ಹೇಳಬೇಕಿತ್ರಿ. ಮಂದಿ ಮುಂದ ಕರದು ಹಿಂಗ್ಯಾಕ ಹೇಳಾಕತ್ತೀರಿ?"

ಮೈಕ್ ನನ್ನ ಕೈಯಲ್ಲೇ ಇತ್ತು. ಅವಳ ಮಾತು ಹಾಲ್ ತುಂಬ ಕೇಳಿಸಿತು.

ಮೂರು ವಾರದಿಂದ ಗಂಡನ ಫೋನ್ ಬಂದಿಲ್ಲ ಎಂದು ಅವಳು ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಬಾಯಿ ತೆರೆದರೆ ಮುಚ್ಚದ ನಾನು "ಇಲ್ಲ" ಎನ್ನುವ ಎರಡು ಅಕ್ಷರವನ್ನು ಹುಡುಕುತ್ತಿದ್ದೆ. ನಮ್ಮ ಸಂಘದ ಹಿರಿಯಳು ಸಾವಿತ್ರಿ ಕಾಕು, ಎಪ್ಪತ್ತು ದಾಟಿದವಳು, ಮಂಡಿನೋವನ್ನೂ ಮರೆತು ಸ್ಟೇಜ್ ಹತ್ತಿ ಬಂದಳು. ಹಾರವನ್ನು ಕಿತ್ತು ಮೂಲೆಗೆ ಒಗೆದಳು. ದೀಪ ಎತ್ತಿ ಕೆಳಗಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

"ಹುಚ್ಚಖೋಡಿ! ಮುತ್ತೈದಿ ಮನುಷ್ಯಾಳ ಮುಂದ ಎಂಥಾ ಕೆಲಸ ಮಾಡಿದೆ? ಬುದ್ಧಿ ಏನು ಮನ್ಯಾಗ ಬಿಟ್ಟು ಬಂದೀಯೇನು?"

ನಂತರ ರೇಣುಕಾಳ ಗಲ್ಲ ಹಿಡಿದು, "ಯಾ ಫೋನೂ ಬಂದಿಲ್ಲವಾ ನನ್ನವ್ವ. ನಿನ್ನ ಗಂಡ ಆರಾಮ ಇದ್ದಾನ. ಇದು ಈ ಶಾಣ್ಯಾಳ ಅಲಂಕಾರ, ಅಷ್ಟ" ಎಂದಳು. ಕುಂಕುಮದ ಬಟ್ಟಲು ತರಿಸಿ, ಎಲ್ಲರಿಗಿಂತ ಮೊದಲು ಅವಳ ಹಣೆಗೆ ಹಚ್ಚಿದಳು.

ರೇಣುಕಾ ಅಲ್ಲೇ ಸ್ಟೇಜಿನ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ಅತ್ತದ್ದು ಆಗಲೇ. ಕಾಕುವಿನ ಸೆರಗು ಹಿಡಿದುಕೊಂಡು, ಸಣ್ಣ ಹುಡುಗಿಯ ಹಾಗೆ ಅತ್ತಳು. ಸೌಮ್ಯಾ ಮಾತ್ರ ಫೋಟೋದ ಗಾಜಿನ ಮೇಲೆ ಕೈ ಆಡಿಸುತ್ತ, "ಅವ್ವಾ, ಪಪ್ಪಾ ಎಷ್ಟ ದೊಡ್ಡಾಂವ ಆಗ್ಯಾನ ನೋಡು" ಎನ್ನುತ್ತಿದ್ದಳು. ಶಾಲು ಹೊದಿಸುವ ಧೈರ್ಯ ನಮಗ್ಯಾರಿಗೂ ಬರಲಿಲ್ಲ. ಅವಳು ಕಾಕು ಕೊಟ್ಟ ಎಳ್ಳು-ಬೆಲ್ಲ ತೆಗೆದುಕೊಂಡು, ಮಗಳ ಕೈ ಹಿಡಿದು ಮನೆಗೆ ಹೋದಳು.

ಅಂದಿನಿಂದ ಎರಡು ದಿನ ನನಗೆ ಊಟ ಸೇರಲಿಲ್ಲ. ಮನೆಯವರು ಮೊದಲ ದಿನ ಸುಮ್ಮನಿದ್ದರು. ಎರಡನೆಯ ದಿನ ತಡೆಯಲಾಗಲಿಲ್ಲ ಅವರಿಗೆ.

"ಬಾಯಿದ್ದವರು ಬರಗಾಲದಾಗೂ ಬದುಕ್ಯಾರು ಅಂತಾರ. ಅವರ ಬಾಜೂಕ ಇದ್ದವರು ಹ್ಯಾಂಗ ಬದುಕಬೇಕು ಅಂತ ಯಾರೂ ಹೇಳಿಲ್ಲ ನೋಡು" ಎಂದರು. ನಾನು ಜಗಳಕ್ಕೆ ಹೋಗಲಿಲ್ಲ. ಅದನ್ನು ನೋಡಿ ಅವರಿಗೇ ಗಾಬರಿಯಾಗಿ, "ನಾಳೆ ರವಿವಾರ. ಮುಂಜಾನೆದ್ದು ಅಕಿ ಮನಿಗೆ ಹೋಗಿ ತಪ್ಪಾತು ಅಂದು ಬರೂಣು ನಡಿ. ನಾನೂ ಬರ್ತೀನಿ" ಎಂದರು.

ಏಳು ಗಂಟೆಗೆ ಹೋದೆವು. ರೇಣುಕಾಳ ಖೋಲಿ ಇರುವುದು ಬಾಯ್ನಾ ಬಡಾವಣೆಯ ಮೇಲ್ಗಡೆಯ ಗುಡ್ಡದ ಮೇಲೆ, ಒಂದು ಹಳೇ ಚಾಳಿನ ಎರಡನೇ ಮಾಳಿಗೆಯಲ್ಲಿ. ಕೆಳಗೆ ಅಂಗಳದಲ್ಲಿ ಎಲ್ಲರಿಗೂ ಸೇರಿ ಒಂದೇ ನಳ. ನಳ ಬಂದಿತ್ತು. ಕೊಡಗಳ ಸಾಲು ಗೇಟಿನವರೆಗೆ ಇತ್ತು. ಕನ್ನಡ, ಕೊಂಕಣಿ, ಹಿಂದಿ ಮೂರರಲ್ಲೂ ಜಗಳ ನಡೆದಿತ್ತು.

ರೇಣುಕಾ ಬಾಗಿಲು ತೆರೆದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ನನಗೂ ಹಗುರಾಗುತ್ತಿತ್ತು. ಅವಳು "ಬರ್ರಿ ಅಕ್ಕಾರ, ಬರ್ರಿ ಅಣ್ಣಾರ. ಕುಂಡ್ರಿ, ಚಾ ಮಾಡ್ತೇನಿ" ಎಂದಳು.

"ತಪ್ಪಾತವಾ ರೇಣುಕಾ" ಎಂದೆ. ನಾಲ್ಕು ಸಾಲು ರೆಡಿ ಮಾಡಿಕೊಂಡು ಹೋಗಿದ್ದೆ, ಬಾಯಿಗೆ ಬಂದದ್ದು ಇಷ್ಟೇ.

"ನೀವು ಬೇಕಂತ ಮಾಡೀರೇನ್ರಿ? ಬಿಡ್ರಿ ಅದನ್ನ" ಎಂದಳು.

ಚಹಾಕ್ಕೆ ನೀರು ಹಾಕುವಾಗ ಅವಳು ಕೊಡವನ್ನು ಪೂರ್ತಿ ಬಗ್ಗಿಸಿದಳು. ತಳದಿಂದ ಎರಡು ಕಪ್ಪಿನಷ್ಟು ಬಂತು. ಪಕ್ಕದಲ್ಲಿ ಮೂರು ಕೊಡ ಬೋರಲು ಬಿದ್ದಿದ್ದವು.

"ಅಲ್ಲವಾ, ಕೆಳಗ ನಳ ಬಂದದಲ್ಲ. ನೀರು ಹಿಡಿಯಾಕ ಹೋಗಿಲ್ಲೇನು?" ಎಂದರು ನಮ್ಮ ಮನೆಯವರು.

ಅವಳು ಗೋಡೆಯ ಗೂಡಿನಲ್ಲಿದ್ದ ವೈರಿನ ಫೋನನ್ನು ತೋರಿಸಿದಳು. (ಮೊಬೈಲ್ ಅವಳ ಹತ್ತಿರ ಇರಲಿಲ್ಲ.)

"ಹೆಂಗ ಹೋಗಲ್ರಿ ಅಣ್ಣಾರ? ಅವರ ಪಾಳಿ ಬರೂದು ರವಿವಾರ ಮುಂಜಾನೆ ಏಳರಿಂದ ಎಂಟರೊಳಗ. ಇಲ್ಲಿ ನಳ ಬರೂದು ವಾರದಾಗ ಎರಡ ಸಲ, ರವಿವಾರ ಅದ ಹೊತ್ತಿಗೆ. ಮೂರು ವಾರದ ಹಿಂದ ನಾ ಕೆಳಗ ನಳಕ್ಕ ನಿಂತಿದ್ದೆ. ಸೌಮ್ಯಾ ಇನ್ನೂ ಮಲಗಿತ್ತು. ಫೋನ್ ಬಾರಿಸಿದ್ದು ಕೇಳ್ತು. ಕೊಡ ಅಲ್ಲೇ ಬಿಟ್ಟು ಓಡಿ ಬಂದೆ. ಬರೂದ್ರಾಗ ಬಂದ್ ಆತು. ಅವತ್ತಿನಿಂದ ಈ ಹೊತ್ತಿನ್ಯಾಗ ನಾ ಇದನ್ನ ಬಿಟ್ಟು ಏಳೂದಿಲ್ಲ. ಆದ್ರ ಅದು ಬಾರಿಸವಲ್ದು."

"ಮತ್ತ ನೀರು?" ಎಂದೆ.

"ಬಾಜೂದವರು ಒಂದೊಂದು ಕೊಡ ಕೊಡ್ತಾರ್ರಿ. ಅವರೂ ಪಾಳಿ ಹಿಡದು ನಿಂತವರು. ಒಂದ ವಾರ ಕೊಡ್ತಾರ, ಎರಡು ವಾರ ಕೊಡ್ತಾರ. ಪ್ರತಿ ವಾರ ಹೆಂಗ ಕೇಳೂದು?"

"ನನಗ್ಯಾಕ ಹೇಳಲಿಲ್ಲವಾ?"

"ನೀವು ಪ್ರೋಗ್ರಾಮಿನ ಗಡಬಡ್ಯಾಗ ಇದ್ರಿ ಅಕ್ಕಾರ."

ಈ ಮಾತಿನಲ್ಲಿ ಕೊಂಕಿರಲಿಲ್ಲ. ಅದಕ್ಕೇ ಹೆಚ್ಚು ಚುಚ್ಚಿತು. ಅವಳ ಸನ್ಮಾನಕ್ಕೆ ಓಡಾಡುತ್ತಿದ್ದೆನಾದ್ದರಿಂದ ಅವಳ ಕಷ್ಟ ಕೇಳಲು ನನಗೆ ಟೈಮ್ ಇರಲಿಲ್ಲ. ಎಂಥ ಜನ ನಾವು ಹೇಳಿ! ಜನವರಿ ಬಂದರೆ ಎದೆಗೆ ಬ್ಯಾಡ್ಜು, ಸ್ಕೂಟರಿಗೆ ಧ್ವಜ. ಸೈನಿಕನ ಹೆಂಡತಿಯನ್ನು ಕಂಡರೆ "ನಿಮ್ಮ ಬಗ್ಗೆ ಹೆಮ್ಮೆ ಅದರಿ" ಎನ್ನುತ್ತೇವೆ. ಹೆಮ್ಮೆಗೇನು, ಕೂತಲ್ಲೇ ಪಡಬಹುದು. "ಮನೆಯಲ್ಲಿ ನೀರಿದೆಯಾ?" ಎಂದು ಕೇಳಲು ಎರಡು ಮಾಳಿಗೆ ಹತ್ತಬೇಕು.

ನಾನು ಇಷ್ಟೆಲ್ಲ ಯೋಚಿಸುತ್ತ ಕೂತಿರುವಾಗ ನಮ್ಮ ಮನೆಯವರು ಎದ್ದು ಎರಡು ಕೊಡ ಕೈಗೆತ್ತಿಕೊಂಡರು. ಅಯ್ಯೋ ಶಿವನೇ! ಮದುವೆಯಾಗಿ ಇಪ್ಪತ್ತೆರಡು ವರ್ಷ, ಕುಡಿದ ಲೋಟವನ್ನು ಬಚ್ಚಲಿಗೆ ಇಟ್ಟ ಪ್ರಾಣಿಯಲ್ಲ ಅದು. ಉಳಿದ ಎರಡು ಕೊಡ ಹಿಡಿದು ನಾನೂ ಹಿಂದೆ ಇಳಿದೆ.

ನಳದ ಹತ್ತಿರ ಹೆಂಗಸರು ಇವರನ್ನು ಮೇಲಿಂದ ಕೆಳಗೆ ನೋಡಿದರು. ಇಸ್ತ್ರಿ ಅಂಗಿ, ಕನ್ನಡಕ, ಎರಡು ಕೈಯಲ್ಲಿ ಎರಡು ಪ್ಲಾಸ್ಟಿಕ್ ಕೊಡ. ಒಬ್ಬಳು ಹಿಂದಿಯಲ್ಲಿ "ಲೈನ್‌ನಲ್ಲಿ ಹಿಂದೆ ಹೋಗಿ" ಎಂದಳು. ಇವರು ತೆಪ್ಪಗೆ ಹಿಂದೆ ಹೋದರು. (ಆಫೀಸಿನಲ್ಲಿ ಇವರನ್ನು ಹಿಂದೆ ಹೋಗೆಂದವರು ಇನ್ನೂ ಹುಟ್ಟಿಲ್ಲ.) ನಮ್ಮ ಮುಂದೆ ನಿಂತಿದ್ದ ವಿಜಾಪುರದ ಮುದುಕಿ, ಬಂದರಿನಲ್ಲಿ ಹಮಾಲಿ ಮಾಡುವವನ ತಾಯಿಯಂತೆ, "ಯಾರ ಮನಿಗ್ರೀ?" ಎಂದು ಕೇಳಿದಳು. ಯಾರ ಮನೆಗೆ, ಅವಳು ಯಾಕೆ ಇಳಿಯುವುದಿಲ್ಲ, ಎಲ್ಲ ಹೇಳಿದೆ.

"ಮಿಲ್ಟ್ರಿ ರೇಣುಕಾನ ಮನಿಗೇನ? ಹಂಗಂದ್ರ ಮುಂದ ಬರ್ರಿ. ಅಕಿ ರವಿವಾರ ಯಾಕ ಇಳ್ಯೂದಿಲ್ಲ ಅಂತ ನಮಗ ಗೊತ್ತ ಇರಲಿಲ್ಲ ನೋಡ್ರಿ. ಸೊಕ್ಕು ಬಂದೈತಿ ಅಂದ್ಕೊಂಡಿದ್ವಿ" ಎಂದಳು.

ಮೊದಲ ನಾಲ್ಕು ಕೊಡ ಮೇಲೆ ಮುಟ್ಟಿಸಿ ಹಂಡೆಗೆ ಸುರಿದೆವು. ಎರಡನೇ ಸಲ ಇಳಿದು, ತುಂಬಿಸಿಕೊಂಡು, ನಾನು ಸೊಂಟದ ಮೇಲೊಂದು ಕೈಯಲ್ಲೊಂದು ಹಿಡಿದು ಉಸ್ಸೆಂದು ಮೆಟ್ಟಿಲು ಹತ್ತುತ್ತಿದ್ದೆ. ಅರ್ಧಕ್ಕೆ ಬಂದಿದ್ದೆ, ಮೇಲೆ ಫೋನ್ ಬಾರಿಸಿತು.

ಒಂದೇ ರಿಂಗು. ಎರಡನೆಯದಕ್ಕೆ ಅವಳು ಬಿಡಲೇ ಇಲ್ಲ.

ನಾನು ಬಾಗಿಲಿಗೆ ಬರುವ ಹೊತ್ತಿಗೆ ರೇಣುಕಾ ಗೋಡೆಗೆ ಒರಗಿ, ಎರಡೂ ಕೈಯಿಂದ ರಿಸೀವರ್ ಹಿಡಿದು ನಿಂತಿದ್ದಳು. "ಹಾಂ... ಹಾಂ ರೀ... ಕೇಳಾಕತ್ತೈತಿ" ಎನ್ನುತ್ತಿದ್ದಳು. ಬಾಗಿಲಲ್ಲಿ ನನ್ನನ್ನು ಕಂಡು, ಕಣ್ಣು ತುಂಬಿಕೊಂಡು, ತಲೆಯಾಡಿಸಿದಳು. ಅವರೇ, ಎಂದು. ನಾನು ಕೊಡ ಕೆಳಗಿಟ್ಟು ಅಲ್ಲೇ ಹೊಸ್ತಿಲ ಮೇಲೆ ಕುಳಿತುಬಿಟ್ಟೆ. ನನಗೂ ಅಳು ಬಂತು, ಅತ್ತೆ. ನಾಚಿಕೆಯೇನು ಅದರಲ್ಲಿ?

ಅವನನ್ನು ಇನ್ನೂ ಮೇಲಿನ ಪೋಸ್ಟಿಗೆ ಕಳಿಸಿದ್ದರಂತೆ. ಹಿಮ ಬಿದ್ದು ದಾರಿಯೂ ಬಂದ್, ಲೈನೂ ಬಂದ್. ನಿನ್ನೆಯೇ ಕೆಳಗಿಳಿದನಂತೆ. ಇದೆಲ್ಲ ಆಮೇಲೆ ಅವಳು ಹೇಳಿದ್ದು. ಆಗ ನನಗೆ ಕೇಳಿಸಿದ್ದು ಅವಳ ಮಾತು ಮಾತ್ರ.

"ನಾವು ಆರಾಮ ಅದೇವಿ... ಸೌಮ್ಯಾಗ ಗಣಿತದಾಗ ಇಪ್ಪತ್ತಕ್ಕ ಹದಿನೆಂಟು... ಗ್ಯಾಸ್ ಬಂತ್ರಿ... ನೀರು? ಏ, ನೀರಿಂದೇನ್ರಿ, ಮನಿ ತುಂಬ ನೀರೈತಿ... ಮೊನ್ನೆ ಸಂಘದಾಗ ಪ್ರೋಗ್ರಾಮ್ ಇತ್ತು. ಅಕ್ಕಾರು ನಿಮ್ಮ ಫೋಟೋ ದೊಡ್ಡದು ಮಾಡಿಸಿ ಇಟ್ಟಿದ್ರು. ಭಾಳ ಛಂದ ಕಾಣತಿತ್ರಿ."

ಅಷ್ಟೇ ಹೇಳಿದಳು. ಉಳಿದದ್ದನ್ನು ನುಂಗಿಕೊಂಡಳು, ಅವನಿಗಾಗಿಯೋ ನನಗಾಗಿಯೋ ದೇವರೇ ಬಲ್ಲ.

ಅವರಿಗೆ ಸಿಗುವುದು ಮೂರು ನಿಮಿಷ. ಸೌಮ್ಯಾಳೂ ಎದ್ದು ಬಂದು ಅಪ್ಪನ ಜೊತೆ ಎರಡು ಮಾತಾಡಿದಳು. ಅಷ್ಟರಲ್ಲಿ ರೇಣುಕಾ ರಿಸೀವರನ್ನು ನನ್ನ ಕಡೆ ಚಾಚಿದಳು. "ನೀವು ಬಂದೀರಿ ಅಂತ ಹೇಳಿದೆ. ನಿಮಗೊಂದು ಮಾತು ಹೇಳಬೇಕಂತ."

"ಹಲೋ" ಎಂದೆ.

"ನಮಸ್ಕಾರ್ರಿ ಅಕ್ಕಾರ. ಮನಿ ಕಡೆ ಬಂದು ನೋಡಿಕೊಳ್ಳಾಕತ್ತೀರಿ, ಭಾಳ ಉಪಕಾರ ಆತ್ರಿ" ಎಂದ. ಗಾಳಿಯ ಸದ್ದಿನ ನಡುವೆ ಅವನ ದನಿ ಎಲ್ಲೋ ದೂರದಿಂದ ಬರುತ್ತಿತ್ತು. "ಮ್ಯಾಲ ಹೋಗೂಕಿಂತ ಮೊದಲ, ಮೂರು ವಾರದ ಹಿಂದ, ಅದನ್ನ ಹೇಳಾಕ ಅಕಿಗೆ ಹಚ್ಚಿದ್ದೆ, ಎತ್ತಲಿಲ್ಲ. ಆಮ್ಯಾಲೆ ನಿಮ್ಮ ನಂಬರಿಗೆ ಹಚ್ಚಿದೆ. ಎಂಗೇಜ್ ಇತ್ತು. ಪಾಳಿ ಮುಗಿಯೂ ಮಟಾ ನಾಲ್ಕು ಸಲ ಹಚ್ಚಿದೆ ನೋಡ್ರಿ. ಇರ್ಲಿ, ನಿಮಗೂ ಕೆಲಸ ಇರ್ತಾವು..."

ನಾನು ಬಾಯಿ ತೆರೆಯುವಷ್ಟರಲ್ಲಿ ಲೈನ್ ಕಟ್ ಆಯಿತು.

ನಾಲ್ಕು ಸಲ. ರವಿವಾರ ಬೆಳಿಗ್ಗೆ ಏಳರಿಂದ ಎಂಟು ನಾನು ಯಾವ ಕೆಲಸದಲ್ಲಿದ್ದೆ? ಹೇಳಿಬಿಡುತ್ತೇನೆ, ಈಗ ಮುಚ್ಚಿಡುವುದೇನು ಉಳಿದಿದೆ. ಧಾರವಾಡದ ನನ್ನ ತಂಗಿಯ ಜೊತೆ ಮಾತಾಡುತ್ತಿದ್ದೆ. ಪ್ರತಿ ರವಿವಾರ ಚಹಾದ ಕಪ್ಪು ಹಿಡಿದು ಕೂತರೆ ನಮ್ಮಿಬ್ಬರದು ಒಂದು ತಾಸು ನಡೆಯುತ್ತದೆ. ಅಂದಿನ ವಿಷಯ ನನಗೆ ಚೆನ್ನಾಗಿ ನೆನಪಿದೆ. ಸೈನಿಕರ ಹೆಂಡಂದಿರಿಗೆ ಹೊದಿಸುವ ಶಾಲು ಕೆಂಪು ಇರಬೇಕೋ ಕೇಸರಿ ಇರಬೇಕೋ ಎಂದು.

"ಏನಂದ್ರ್ರೀ ಅಕ್ಕಾರ?" ಎಂದಳು ರೇಣುಕಾ.

ಸುಳ್ಳು ಹೇಳಬಹುದಿತ್ತು. ಫೋನ್ ಕೆಟ್ಟಿತ್ತು ಅನ್ನಬಹುದಿತ್ತು, ವಾಸ್ಕೋದಲ್ಲಿ ಯಾರಾದರೂ ನಂಬುತ್ತಾರೆ. ಆದರೆ ಅವಳ ಮುಖ ನೋಡಿ ಆಗಲಿಲ್ಲ. "ಅವತ್ತು ನನಗೂ ಹಚ್ಚಿದ್ದರಂತ ರೇಣುಕಾ. ನನ್ನ ಫೋನ್ ಎಂಗೇಜ್ ಇತ್ತಂತ. ನಾ ತಂಗಿ ಜೋಡಿ ಹರಟಿ ಹೊಡೀಲಿಕತ್ತಿದ್ದೆ" ಎಂದೆ.

ಅವಳು ನನ್ನನ್ನು ನೋಡಿದಳು. ಒಂದು ಮಾತು ಅವಳ ನಾಲಿಗೆಯ ತುದಿಗೆ ಬಂತು ಎಂದು ನನಗೆ ಗೊತ್ತಾಯಿತು. ಮೂರು ವಾರ ಅವಳು ಪಟ್ಟದ್ದು ನನ್ನ ಒಂದು ತಾಸಿನ ಬಾಯಿಚಪಲಕ್ಕೆ. ಬೈಯಲಿ ಎಂದು ಕಾದೆ. ಅವಳು ಮುಖ ಒರೆಸಿಕೊಂಡು ಕೆಳಗಿನ ಅಂಗಳದ ಕಡೆ ಕಿವಿಗೊಟ್ಟಳು.

"ನಳ ಇನ್ನೂ ಹೋಗಿಲ್ಲ. ನಡೀರಿ ಅಕ್ಕಾರ, ಇನ್ನೆರಡು ಕೊಡ ಆಗ್ತಾವು" ಎಂದಳು. ಮೂರು ವಾರದ ಮೇಲೆ ರವಿವಾರದ ನೀರಿಗೆ ಅವತ್ತು ತಾನೇ ಇಳಿದು ಬಂದಳು.

ಈಗ ಮೂರು ರವಿವಾರಗಳಾದವು. ನೀರಿಗೆ ನಾವಿಬ್ಬರೂ ಸರದಿಯಂತೆ ಹೋಗುತ್ತೇವೆ. ಒಂದು ವಾರ ಹೋಗಲಾಗದಿದ್ದಾಗ ವಿಜಾಪುರದ ಅಜ್ಜಿಯೇ ಎರಡು ಕೊಡ ತುಂಬಿಸಿ ಮೇಲೆ ಕಳಿಸಿದಳು. ಮನೆಯಲ್ಲಿ ಉಳಿದವರು ಫೋನಿನ ಹತ್ತಿರ ಕೂರಬೇಕು, ಆದರೆ ಯಾರಿಗೂ ಹಚ್ಚುವಂತಿಲ್ಲ. ತಂಗಿಗೆ ರವಿವಾರದ ಮಾತು ಬಂದ್ ಎಂದು ಹೇಳಿದ್ದಕ್ಕೆ ಅವಳಿಗೆ ನಂಬಿಕೆಯೇ ಇಲ್ಲ. "ಖರೇನ? ಒಂದು ತಾಸು ಬಾಯಿ ಮುಚ್ಚಿಕೊಂಡು ನೀ ಹ್ಯಾಂಗ ಕೂಡ್ತೀ ಅಕ್ಕಾ?" ಎಂದು ಕೇಳುತ್ತಾಳೆ. ಕಷ್ಟವೇ ಇದೆ, ಕೂತು ನೋಡಿದವರಿಗೇ ಗೊತ್ತು ಎಂದೆ.

ಸೈನಿಕನಿಗಾಗಿ ಇಪ್ಪತ್ತು ನಿಮಿಷ ಮಾತಾಡಲು ನಾವೆಲ್ಲ ತಯಾರು. ಅವನಿಗಾಗಿ ಒಂದು ತಾಸು ಸುಮ್ಮನಿರಲು ನಿಮ್ಮಲ್ಲಿ ಯಾರ್ಯಾರು ತಯಾರಿದ್ದೀರಿ?